ಮೀನಿನ ತೊಟ್ಟಿಯಲ್ಲಿ ಗಿಡ ಇಟ್ಟವರಿಗೆ ಒಂದು ಖಡಕ್ ಸೂಚನೆ

ಕದರಮಂಡಲಗಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಮೀನಿನ ಜತೆ ನಿಜವಾದ ಗಿಡ ಬೆಳೆಸುವವರಿಗಾಗಿ ಈ ಸೂಚನೆ. ಪ್ಲಾಸ್ಟಿಕ್ ಗಿಡ ಇಟ್ಟವರಿಗೂ ಅರ್ಧ ಅನ್ವಯಿಸುತ್ತದೆ. ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟವರು ಕೊನೆಯ ಭಾಗ ತಪ್ಪದೆ ಓದಿ. ಹೊಂಡದಲ್ಲಿ ಮೀನು ಸಾಯುವುದೂ ತೊಟ್ಟಿಯಲ್ಲಿ ಸಾಯುವುದೂ ಹೆಚ್ಚಾಗಿ ಒಂದೇ ಹೊತ್ತಿಗೆ, ಒಂದೇ ಕಾರಣಕ್ಕೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ

ನೀರಿನಲ್ಲಿ ಆಮ್ಲಜನಕ ಏರಿದರೆ ಇಂಗಾಲದ ಡೈಆಕ್ಸೈಡ್ ತಾನಾಗಿ ಇಳಿಯುತ್ತದೆ, ಅದು ಏರಿದರೆ ಇದು ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇದು ತಕ್ಕಡಿಯ ಲೆಕ್ಕವಲ್ಲ. ಎರಡೂ ಅನಿಲಗಳು ನೀರಿನಲ್ಲಿ ತಮ್ಮ ತಮ್ಮ ಪಾಡಿಗೆ ಕರಗುತ್ತವೆ. ಎರಡೂ ಒಟ್ಟಿಗೆ ಹೆಚ್ಚಿರಬಹುದು, ಎರಡೂ ಒಟ್ಟಿಗೆ ಕಡಿಮೆ ಇರಬಹುದು. ಗಿಡದ ಎಲೆಗಳ ಮೇಲೆ ಮುತ್ತಿನಂಥ ಗುಳ್ಳೆ ಕೂತು, ನೀರು ಆಮ್ಲಜನಕದಿಂದ ತುಂಬಿರುವ ಮಧ್ಯಾಹ್ನದಲ್ಲೇ ಮೀನು ಉಸಿರುಗಟ್ಟಿ ಒದ್ದಾಡಬಹುದು.

ಅದು ಹೇಗೆಂದರೆ, ಮೀನು ಕಿವಿರಿನಿಂದ ಆಮ್ಲಜನಕ ಒಳಗೆ ತೆಗೆದುಕೊಳ್ಳುತ್ತದೆ, ಅದೇ ಕಿವಿರಿನಿಂದ ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತದೆ. ಹೊರಗಿನ ನೀರಿನಲ್ಲೇ ಅದು ತುಂಬಿದ್ದರೆ ಒಳಗಿನದು ಹೊರಗೆ ಹೋಗಲು ದಾರಿ ಇಲ್ಲ. ರಕ್ತ ಹುಳಿಯಾಗುತ್ತದೆ. ಹುಳಿಯಾದ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕವನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ. ಸುತ್ತ ಬೇಕಾದಷ್ಟಿದ್ದರೂ ಮೀನಿಗೆ ದಕ್ಕುವುದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿ ಸರಿ ಮಾಡಿ. ಈ ಸೂಚನೆಯ ಉಳಿದದ್ದೆಲ್ಲ ಈ ಒಂದು ಮಾತಿನ ವಿಸ್ತಾರ.

ಎರಡನೆಯ ನಂಬಿಕೆ ಇನ್ನೂ ಹಳೆಯದು: ಗಿಡ ಇದ್ದರೆ ಸಾಕು, ಗಾಳಿ ಯಂತ್ರ ಬೇಡ. 1850ರಲ್ಲಿ ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಇಟ್ಟು ಬದುಕಿಸಿದ್ದನ್ನು ವರದಿ ಮಾಡಿದ. ಮೀನು ಬಿಟ್ಟದ್ದು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ ಎಂಬ ಚೆಂದದ ಲೆಕ್ಕ ಅಲ್ಲಿಂದ ಮನೆಮನೆಗೆ ಹರಡಿತು. ಆದರೆ ಅದಕ್ಕೂ ಮೊದಲೇ, 1779ರಲ್ಲಿ, ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಗಿಡದ ಹಸಿರು ಭಾಗ ಬೆಳಕಿದ್ದಾಗ ಮಾತ್ರ ಗಾಳಿಯನ್ನು ಶುದ್ಧ ಮಾಡುತ್ತದೆ, ಕತ್ತಲಲ್ಲಿ ಅದೇ ಗಿಡ ಗಾಳಿ ಕೆಡಿಸುತ್ತದೆ ಎಂದು ತೋರಿಸಿಕೊಟ್ಟಿದ್ದ. ವಾರಿಂಗ್ಟನ್ನನ ಪಾತ್ರೆ ನೆನಪಿಟ್ಟುಕೊಂಡ ಜನ ಇಂಗೆನ್‌ಹೌಸನ ರಾತ್ರಿಯನ್ನು ಮರೆತರು. ನೀವು ಮರೆಯಬೇಡಿ. ಲೈಟು ಆರಿದ ಮೇಲೆ ನಿಮ್ಮ ತೊಟ್ಟಿಯ ಪ್ರತಿ ಗಿಡವೂ ಮೀನಿನ ಪಾಲಿನಲ್ಲಿ ಕೈ ಹಾಕುತ್ತದೆ. ಮರಳಿನಲ್ಲಿ, ಫಿಲ್ಟರಿನಲ್ಲಿ ಇರುವ ಬ್ಯಾಕ್ಟೀರಿಯಾ ಹಗಲೂ ರಾತ್ರಿ ಹಾಕುತ್ತಲೇ ಇರುತ್ತವೆ.

ಮಾಡಬೇಕಾದ್ದು

ನೀರಿನ ಮೇಲ್ಮೈ ಸದಾ ಅಲುಗುತ್ತಿರಲಿ. ಆಮ್ಲಜನಕ ಒಳಗೆ ಬರುವುದೂ ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದೂ ಅಲ್ಲಿಯೇ. ಏರ್ ಸ್ಟೋನಿನ ಗುಳ್ಳೆ ನೋಡಿ ಗುಳ್ಳೆಯೇ ಆಮ್ಲಜನಕ ಕೊಡುತ್ತದೆ ಎಂದುಕೊಳ್ಳುತ್ತಾರೆ. ಗುಳ್ಳೆ ನೀರಿನಲ್ಲಿರುವುದು ಒಂದೆರಡು ಸೆಕೆಂಡು, ಅಷ್ಟರಲ್ಲಿ ಅದು ಕೊಡುವುದು ಅಲ್ಪ. ಅದರ ದೊಡ್ಡ ಕೆಲಸ ತಳದ ನೀರನ್ನು ಮೇಲಕ್ಕೆತ್ತಿ ಮೇಲ್ಮೈಯನ್ನು ಒಡೆಯುವುದು. ಫಿಲ್ಟರಿನ ಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರೂ ಅದೇ ಕೆಲಸ ಆಗುತ್ತದೆ.

ಮೇಲ್ಮೈ ಎಷ್ಟಿದೆ ಅಳೆದು ಮೀನು ಬಿಡಿ. ಗಾಳಿ ಯಂತ್ರ ಇಲ್ಲದ ತೊಟ್ಟಿಗೆ ಹವ್ಯಾಸಿಗಳ ಹಳೆಯ ಲೆಕ್ಕವೊಂದಿದೆ: ಉಷ್ಣವಲಯದ ಮೀನಿಗೆ ಒಂದು ಇಂಚು ಉದ್ದಕ್ಕೆ ಹನ್ನೆರಡು ಚದರ ಇಂಚು ಮೇಲ್ಮೈ, ಗೋಲ್ಡ್ ಫಿಶ್‌ಗೆ ಸುಮಾರು ಮೂವತ್ತು. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ 288 ಚದರ ಇಂಚು ಮೇಲ್ಮೈ. ಅಂದರೆ ಒಟ್ಟು ಇಪ್ಪತ್ತನಾಲ್ಕು ಇಂಚು ಟೆಟ್ರಾ, ಗಪ್ಪಿ. ಗೋಲ್ಡ್ ಫಿಶ್ ಆದರೆ ಒಂಬತ್ತೂವರೆ ಇಂಚು ಮಾತ್ರ. ತೊಟ್ಟಿ ಎಷ್ಟು ಆಳ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ದುಂಡು ಗಾಜಿನ ಬಟ್ಟಲಿನಲ್ಲಿ ಗೋಲ್ಡ್ ಫಿಶ್ ಯಾಕೆ ಬಾಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಬಟ್ಟಲಿನ ಕಿರಿದಾದ ಬಾಯಿಯಲ್ಲೇ ಇದೆ.

ಬೇಸಿಗೆಯಲ್ಲಿ ಗಾಳಿ ಹೆಚ್ಚು ಕೊಡಿ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 25ರಲ್ಲಿ 8.3, 30ರಲ್ಲಿ 7.5. ನಮ್ಮ ಊರುಗಳು ಸಮುದ್ರ ಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿರುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಬಿಸಿಯಾದಂತೆ ನೀರು ಹಿಡಿಯುವುದು ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಏಪ್ರಿಲ್ ತಿಂಗಳಲ್ಲಿ ತಗಡಿನ ಮನೆಯೊಳಗೆ ಇಟ್ಟ ತೊಟ್ಟಿ ಈ ಎರಡರ ನಡುವೆ ಸಿಕ್ಕಿಬೀಳುತ್ತದೆ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಎರಡು ಬೆರಳಷ್ಟು ಸಂದು ಬಿಡಿ. ನೀರು ಮತ್ತು ಮುಚ್ಚಳದ ನಡುವಿನ ಗಾಳಿ ಬದಲಾಗದಿದ್ದರೆ ಮೇಲ್ಮೈ ಅಲುಗಿಯೂ ಉಪಯೋಗವಿಲ್ಲ.

ನೀರಿನ ಮೇಲೆ ಕೂತ ಕೆನೆ ತೆಗೆಯಿರಿ. ಇದು ನಮ್ಮ ಕಡೆಯ ವಿಶೇಷ ತೊಂದರೆ. ಅಡುಗೆಮನೆಗೆ ಹತ್ತಿರ ತೊಟ್ಟಿ ಇಟ್ಟರೆ ಒಗ್ಗರಣೆಯ ಹೊಗೆ, ಮಿರ್ಚಿ ಕರಿದ ಎಣ್ಣೆಯ ಆವಿ ನೀರಿನ ಮೇಲೆ ತೆಳ್ಳಗೆ ಹರಡುತ್ತದೆ. ಮೆಣಸಿನಕಾಯಿ ಸುಗ್ಗಿಯಲ್ಲಿ, ಅಂಗಳದಲ್ಲಿ ಬ್ಯಾಡಗಿ ಕಾಯಿ ಹರವಿದ ಮನೆಗಳಲ್ಲಿ, ಅದರ ಮೇಲೆ ಧೂಳು ಬೇರೆ. ಬೆಳಕಿಗೆ ಓರೆಯಾಗಿ ನೋಡಿದರೆ ಬಣ್ಣ ಬಣ್ಣದ ಪದರ ಕಾಣುತ್ತದೆ. ಆ ಪದರ ಇರುವವರೆಗೆ ಗಾಳಿ ನೀರಿಗೆ ಇಳಿಯುವುದು ಕಷ್ಟ. ಪಂಪು ನಿಲ್ಲಿಸಿ, ಶಾಯಿ ಇಲ್ಲದ ಬಿಳಿ ಕಾಗದವನ್ನು ನೀರಿನ ಮೇಲೆ ಮಲಗಿಸಿ ನಿಧಾನ ಎತ್ತಿ. ಜಿಡ್ಡು ಕಾಗದಕ್ಕೆ ಅಂಟಿ ಬರುತ್ತದೆ. ಮತ್ತೆ ಪಂಪು ಹಾಕಿ.

ಲೈಟು ದಿನಕ್ಕೆ ಆರರಿಂದ ಎಂಟು ತಾಸು. ಟೈಮರ್ ಹಾಕಿ, ನೆನಪಿನ ಮೇಲೆ ಬಿಡಬೇಡಿ.

ರಾತ್ರಿ ಏರ್ ಪಂಪ್ ನಡೆಯಲಿ. ಸದ್ದಾಗುತ್ತದೆ, ನಿದ್ದೆ ಬರುವುದಿಲ್ಲ ಎಂದು ಮಲಗುವಾಗ ಸ್ವಿಚ್ ಆರಿಸುವವರಿದ್ದಾರೆ. ಮೀನಿಗೆ ಅದು ಬೇಕಾಗುವುದೇ ಆ ಹೊತ್ತಿಗೆ. ಪಂಪಿನ ಕೆಳಗೆ ದಪ್ಪ ಬಟ್ಟೆ ಮಡಚಿ ಇಡಿ, ಸದ್ದು ಅರ್ಧ ಇಳಿಯುತ್ತದೆ. ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ.

ಬೋರ್ ನೀರಿನ ವಿಷಯ

ಇಲ್ಲಿ ಸ್ವಲ್ಪ ನಿಂತು ಓದಿ. ನಮ್ಮ ಕಡೆಯ ತೊಟ್ಟಿಗಳಲ್ಲಿ ತುಂಬುವುದು ಬಹುಪಾಲು ಬೋರ್ ನೀರು ಅಥವಾ ಪೈಪಿನಲ್ಲಿ ಬರುವ ಕ್ಲೋರಿನ್ ಹಾಕಿದ ನೀರು.

ಆಳದಿಂದ ಈಗಷ್ಟೇ ಎತ್ತಿದ ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ನೆಲದೊಳಗೆ ಆ ನೀರು ಗಾಳಿ ಕಂಡಿರುವುದಿಲ್ಲ. ನೋಡಲು ಶುಭ್ರವಾಗಿ, ತಣ್ಣಗೆ ಇರುತ್ತದೆ, ಆದ್ದರಿಂದ ಒಳ್ಳೆಯ ನೀರು ಎಂದು ಪೈಪನ್ನು ನೇರ ತೊಟ್ಟಿಗೆ ಬಿಡುತ್ತಾರೆ. ಹಾಗೆ ಮಾಡಬೇಡಿ. ಬಕೆಟ್ಟಿನಲ್ಲಿ ಹಿಡಿದು ಒಂದು ದಿನ ಬಿಡಿ, ಅದರಲ್ಲಿ ಏರ್ ಸ್ಟೋನ್ ಇಟ್ಟರೆ ಇನ್ನೂ ಒಳ್ಳೆಯದು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ: ಪೈಪಿನಿಂದ ಬಂದ ಕೂಡಲೇ ಒಂದು ಲೋಟದ ನೀರಿನ ಪಿಎಚ್ ಅಳೆಯಿರಿ, ಅದೇ ಲೋಟವನ್ನು ಒಂದು ದಿನ ತೆರೆದಿಟ್ಟು ಮತ್ತೆ ಅಳೆಯಿರಿ. ಎರಡನೆಯ ಸಲ ಪಿಎಚ್ ಮೇಲೇರಿದ್ದರೆ, ಏರಿದ್ದು ಹೊರಗೆ ಹೋದ ಇಂಗಾಲದ ಡೈಆಕ್ಸೈಡಿನಿಂದ. ಹೆಚ್ಚು ಏರಿದಷ್ಟೂ ನಿಮ್ಮ ಬೋರಿನಲ್ಲಿ ಅದು ಹೆಚ್ಚಿತ್ತು ಎಂದು ಅರ್ಥ.

ಪೈಪಿನ ನೀರಾದರೆ ಕ್ಲೋರಿನ್ ತೆಗೆಯಬೇಕು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ಹನಿಗಳಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋದವರು ಹೈಪೋ ಎನ್ನುತ್ತಿದ್ದ ಅದೇ ಪುಡಿ. ಸೀಸೆಯ ಮೇಲೆ ಬರೆದಷ್ಟೇ ಹಾಕಿ. ಕ್ಲೋರಿನ್ ಕಿವಿರನ್ನು ಸುಡುತ್ತದೆ. ಸುಟ್ಟ ಕಿವಿರಿಗೆ ನೀರಿನಲ್ಲಿ ಎಷ್ಟು ಆಮ್ಲಜನಕ ಇದ್ದರೂ ಸಾಲದು.

ಇನ್ನು ಗಡಸುತನ. ಬೋರ್ ನೀರಿನಲ್ಲಿ ಸುಣ್ಣ, ಬೈಕಾರ್ಬೊನೇಟ್ ಹೆಚ್ಚು. ಸ್ಟೀಲ್ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದನ್ನು ದಿನಾ ನೋಡುತ್ತೀರಿ. ಈ ಬೈಕಾರ್ಬೊನೇಟ್ ಪ್ರಮಾಣವನ್ನು ಅಕ್ವೇರಿಯಂನವರು ಕೆಎಚ್ ಎನ್ನುತ್ತಾರೆ. ಗಿಡಕ್ಕೆಂದು ನೀರಿಗೆ ಗ್ಯಾಸ್, ಅಂದರೆ ಇಂಗಾಲದ ಡೈಆಕ್ಸೈಡ್, ಕೊಡುವವರು ಇದನ್ನು ಅಳೆಯದೆ ಮುಂದಿನ ಹೆಜ್ಜೆ ಇಡಕೂಡದು. ಕಾರಣ ಮುಂದಿನ ಭಾಗದಲ್ಲಿದೆ.

ಗ್ಯಾಸ್ ಕೊಡುವವರು ಮಾಡಬೇಕಾದ್ದು

ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಇರುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಕೆಂಪು ರೊಟಾಲಾದಂಥ ಗಿಡಗಳು ದಟ್ಟವಾಗಿ ಬೆಳೆಯಲು ಹವ್ಯಾಸಿಗಳು ಇದನ್ನು 20ರಿಂದ 30 ಮಿಲಿಗ್ರಾಂಗೆ ಏರಿಸುತ್ತಾರೆ. 30 ದಾಟಿದರೆ ಮೀನಿಗೆ ಕಷ್ಟ ಶುರು. ನಿಮ್ಮ ಗಿಡ ಬರೀ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಅನುಬಿಯಾಸ್ ಆಗಿದ್ದರೆ ಗ್ಯಾಸೇ ಬೇಡ. ಅವು ಇದ್ದದ್ದರಲ್ಲಿ ಬಾಳುತ್ತವೆ. ಗಡಸು ನೀರಿನಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳು ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲವು. ನಮ್ಮ ಬೋರ್ ನೀರಿಗೆ ಇವುಗಳಷ್ಟು ಹೊಂದುವ ಗಿಡ ಬೇರೆ ಇಲ್ಲ. ನನ್ನನ್ನು ಕೇಳಿದರೆ ಹೊಸಬರು ಇಲ್ಲಿಗೇ ನಿಲ್ಲುವುದು ಲೇಸು.

ಕೊಡಲೇಬೇಕು ಎನ್ನುವವರು ಅಳತೆ ಕಲಿಯಿರಿ. ಲೆಕ್ಕ ಸರಳ: ಕೆಎಚ್ ಮತ್ತು ಪಿಎಚ್ ಎರಡೂ ಗೊತ್ತಿದ್ದರೆ ಗ್ಯಾಸ್ ಎಷ್ಟಿದೆ ಎಂದು ಹೇಳಬಹುದು. ಕೆಎಚ್ 4 ಇರುವ ನೀರಿನಲ್ಲಿ ಪಿಎಚ್ 6.6 ಆದರೆ ಗ್ಯಾಸ್ ಸುಮಾರು 30 ಮಿಲಿಗ್ರಾಂ. ಕೆಎಚ್ 12 ಇರುವ ನೀರಿನಲ್ಲಿ ಅದೇ 30ರ ಹತ್ತಿರ ಬರುವುದು ಪಿಎಚ್ 7.1ರಲ್ಲಿ. 7.4ರಲ್ಲಿ ಸುಮಾರು 14. ಈಗ ಅಪಾಯ ಎಲ್ಲಿದೆ ನೋಡಿ. ಯಾವುದೋ ಊರಿನವರು ಮೊಬೈಲಿನ ವಿಡಿಯೋದಲ್ಲಿ, ಪಿಎಚ್ 6.6ಕ್ಕೆ ಇಳಿಸಿ, ಗಿಡ ಕುಣಿಯುತ್ತದೆ ಎನ್ನುತ್ತಾರೆ. ಅವರದು ಮೆದು ನೀರು. ಅದನ್ನು ಕೇಳಿ ಕೆಎಚ್ 12ರ ಬೋರ್ ನೀರಿಗೆ 6.6 ಬರುವವರೆಗೆ ಗ್ಯಾಸ್ ಬಿಟ್ಟರೆ ಅದು 90 ಮಿಲಿಗ್ರಾಂ. ಗಿಡ ಕುಣಿಯಬಹುದು, ಮೀನು ಮಲಗುತ್ತದೆ. ಇನ್ನೊಬ್ಬರ ಪಿಎಚ್ ಗುರಿಯನ್ನು ನಿಮ್ಮ ತೊಟ್ಟಿಗೆ ತರಬೇಡಿ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ತೊಟ್ಟಿಯಲ್ಲಿ ಕಟ್ಟಿಗೆ ತುಂಡು, ಬಾದಾಮಿ ಎಲೆ ಹಾಕಿ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ಅವುಗಳ ಹುಳಿಯೂ ಪಿಎಚ್ ಇಳಿಸುತ್ತದೆ. ಆಗ ಲೆಕ್ಕ ಇರುವುದಕ್ಕಿಂತ ಹೆಚ್ಚು ಗ್ಯಾಸ್ ತೋರಿಸುತ್ತದೆ. ಅದಕ್ಕಾಗಿ ಗ್ಯಾಸ್ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಇಡಿ. ಅದರೊಳಗೆ ಹಾಕಬೇಕಾದ್ದು ತೊಟ್ಟಿಯ ನೀರಲ್ಲ, ಕೆಎಚ್ 4ರ ಸಿದ್ಧ ದ್ರಾವಣ ಮತ್ತು ಬಣ್ಣದ ಹನಿ. ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರು ಇದ್ದರೆ ಸರಿ, ಹಳದಿ ಆದರೆ ಮೀನಿಗೆ ಅಪಾಯ. ಆದರೆ ಬಣ್ಣ ತಿರುಗಲು ಒಂದೆರಡು ತಾಸು ಬೇಕು. ನೀವು ಈಗ ನೋಡುತ್ತಿರುವ ಹಸಿರು ಆಗಲೇ ಹಳೆಯದು. ಹೊಸದಾಗಿ ಗ್ಯಾಸ್ ಏರಿಸಿದ ದಿನ ಚೆಕರ್ ನೋಡಬೇಡಿ, ಮೀನನ್ನೇ ನೋಡಿ, ಮನೆ ಬಿಟ್ಟು ಹೋಗಬೇಡಿ.

ಗ್ಯಾಸ್ ಲೈಟಿಗಿಂತ ಒಂದೆರಡು ತಾಸು ಮೊದಲು ಶುರುವಾಗಲಿ, ಲೈಟು ಆರುವುದಕ್ಕೆ ಒಂದು ತಾಸು ಮೊದಲು ನಿಲ್ಲಲಿ. ಸೊಲೆನಾಯ್ಡ್ ವಾಲ್ವ್ ಮತ್ತು ಟೈಮರ್ ಇದ್ದರೆ ಇದು ತಾನಾಗಿ ನಡೆಯುತ್ತದೆ. ಅದರಲ್ಲಿ ಇನ್ನೊಂದು ಅನುಕೂಲವೆಂದರೆ ಕರೆಂಟ್ ಹೋದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹಗಲು ಗ್ಯಾಸ್ ನಡೆಯುವಾಗಲೂ ಮೇಲ್ಮೈ ಮೆಲ್ಲಗೆ ಅಲುಗುತ್ತಿರಲಿ. ಗ್ಯಾಸ್ ಪೋಲಾಗುತ್ತದೆ ಎಂದು ನೀರನ್ನು ಕನ್ನಡಿಯಂತೆ ನಿಲ್ಲಿಸುವವರಿದ್ದಾರೆ. ಒಂದಿಷ್ಟು ಪೋಲಾಗಲಿ. ಸಿಲಿಂಡರ್ ಮತ್ತೆ ತುಂಬಿಸಬಹುದು.

ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಗೋಡೆಗೆ ಕಟ್ಟಿ. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ಬರುತ್ತದೆ. ಬಿಸಿಲಿಗೆ ಇಡಬೇಡಿ: 31 ಡಿಗ್ರಿ ದಾಟಿದ ಮೇಲೆ ಒಳಗೆ ದ್ರವವೆಂಬುದು ಉಳಿಯುವುದಿಲ್ಲ, ಒತ್ತಡ ಬೇಗ ಏರುತ್ತದೆ. ಗೋಲಿ ಸೋಡಾ ಮಾಡುವವರ ಬಳಿ ಸಿಲಿಂಡರ್ ಸಿಗುತ್ತದೆ ಎಂದು ರೆಗ್ಯುಲೇಟರ್ ಇಲ್ಲದೆ ಪೈಪು ಸಿಕ್ಕಿಸುವ ಸಾಹಸ ಖಂಡಿತ ಬೇಡ. ಸಿಲಿಂಡರಿನ ಕುತ್ತಿಗೆಯಲ್ಲಿ ಪರೀಕ್ಷೆಯ ದಿನಾಂಕ ಕೆತ್ತಿರುತ್ತದೆ, ಅವಧಿ ಮುಗಿದದ್ದನ್ನು ತರಬೇಡಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಕೂರುತ್ತದೆ. ಕಿಟಕಿ ಮುಚ್ಚಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗುವ ಸಣ್ಣ ಕೋಣೆಯಲ್ಲಿ ಸಿಲಿಂಡರ್ ಬೇಡ.

ಸಕ್ಕರೆ ಮತ್ತು ಯೀಸ್ಟ್ ಬಾಟಲಿಯವರಿಗೆ ಬೇರೆಯಾಗಿ ಹೇಳಬೇಕು. ಅಗ್ಗ, ನಿಜ. ಆದರೆ ಅದಕ್ಕೆ ಸ್ವಿಚ್ ಇಲ್ಲ. ರಾತ್ರಿ ಗಿಡಕ್ಕೆ ಬೇಡದ ಹೊತ್ತಿನಲ್ಲೂ ಅದು ಗ್ಯಾಸ್ ಬಿಡುತ್ತಲೇ ಇರುತ್ತದೆ. ಮಾಗಿಯ ಚಳಿಯಲ್ಲಿ ಮೆತ್ತಗೆ ನಡೆದ ಅದೇ ಮಿಶ್ರಣ ಏಪ್ರಿಲ್ ಸೆಖೆಯಲ್ಲಿ ಒಮ್ಮೆಲೇ ಉಕ್ಕುತ್ತದೆ. ಆದ್ದರಿಂದ ಯೀಸ್ಟ್ ಬಾಟಲಿ ಇಟ್ಟವರು ರಾತ್ರಿ ಏರ್ ಪಂಪ್ ಕಡ್ಡಾಯ ನಡೆಸಬೇಕು, ಇಲ್ಲವೇ ಮಲಗುವಾಗ ಪೈಪನ್ನು ತೊಟ್ಟಿಯಿಂದ ಹೊರಗೆ ತೆಗೆದಿಡಬೇಕು. ಪೈಪಿನ ಬಾಯಿ ಮುಚ್ಚಬೇಡಿ, ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿ ಬಳಸಬೇಡಿ, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯೇ ಸರಿ. ನಡುವೆ ನೀರು ತುಂಬಿದ ಇನ್ನೊಂದು ಸಣ್ಣ ಬಾಟಲಿ ಇಡಿ, ಯೀಸ್ಟಿನ ನೊರೆ ಅಲ್ಲಿ ತಡೆಯಲಿ. ಆ ನೊರೆ ತೊಟ್ಟಿಗೆ ಇಳಿದರೆ ನೀರು ಹಾಲಿನಂತಾಗಿ ಬ್ಯಾಕ್ಟೀರಿಯಾ ಹೆಚ್ಚಿ ಇದ್ದ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ.

ಮಾಡಬಾರದ್ದು

ಲಿಕ್ವಿಡ್ ಕಾರ್ಬನ್ ಎಂದು ಮಾರುವ ಸೀಸೆಯನ್ನು ಗ್ಯಾಸಿಗೆ ಬದಲಿ ಎಂದು ತಿಳಿಯಬೇಡಿ. ಅವುಗಳಲ್ಲಿ ಹೆಚ್ಚಿನವು ಗ್ಲುಟರಾಲ್ಡಿಹೈಡ್. ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧ ಮಾಡಲು ಬಳಸುವ ರಾಸಾಯನಿಕ. ಪಾಚಿ ಸಾಯುತ್ತದೆ, ಜತೆಗೆ ವ್ಯಾಲಿಸ್ನೇರಿಯಾ ಕೂಡ ಕರಗಿ ಹೋಗುತ್ತದೆ.

ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಉರಿಯುವ ಕೋಣೆಯಲ್ಲಿ ಏರ್ ಪಂಪ್ ಇಡಬೇಡಿ. ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಅವುಗಳಲ್ಲಿರುವ ಪೈರೆಥ್ರಾಯ್ಡ್ ವಿಷ ನಮಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ, ಸೀಗಡಿಗೆ ಬಲು ಕಠಿಣ. ಮೆಣಸಿನ ಹೊಲಕ್ಕೆ ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಯಲ್ಲಿ ಅದ್ದಬೇಡಿ. ಔಷಧಿ ಹಿಡಿದ ಬಕೆಟ್ಟು ತೊಳೆದರೂ ತೊಟ್ಟಿಗೆ ನೀರು ತರಲು ಬೇಡ.

ಫೈಟರ್ ಮೀನು, ಗೌರಾಮಿ ಚೆನ್ನಾಗಿವೆ ಎಂದು ನೀರು ಚೆನ್ನಾಗಿದೆ ಎನ್ನಬೇಡಿ. ಅವು ಮೇಲೆ ಬಂದು ನೇರ ಗಾಳಿ ಕುಡಿಯಬಲ್ಲ ಜಾತಿ. ಅದೇ ನೀರಿನಲ್ಲಿ ಟೆಟ್ರಾ ಸಾಯುತ್ತಿರಬಹುದು.

ಹೆಚ್ಚು ಆಹಾರ ಹಾಕಬೇಡಿ. ತಿನ್ನದೆ ಉಳಿದದ್ದು ಕೊಳೆಯಲು ಆಮ್ಲಜನಕವೇ ಬೇಕು. ಶನಿವಾರ ಕದರಮಂಡಲಗಿಯ ಹನುಮಂತ, ಕಾಂತೇಶನ ದರ್ಶನಕ್ಕೆ ಬಂದ ನೆಂಟರು, ಅವರ ಮಕ್ಕಳು ಒಬ್ಬೊಬ್ಬರೂ ಚಿಟಿಕೆ ಚಿಟಿಕೆ ಹಾಕುತ್ತಾರೆ. ಡಬ್ಬಿ ಎತ್ತಿಡಿ. ಕದರಮಂಡಲಗಿ, ಸಾತೇನಹಳ್ಳಿ, ಶಿಕಾರಿಪುರ ಮೂರೂ ಕಡೆಯ ಹನುಮಂತನ ಗುಡಿಗೆ ಒಂದೇ ದಿನದಲ್ಲಿ ಹೋಗಿ ಬರುವ ರೂಢಿ ಇದೆಯಲ್ಲ, ಆ ದಿನ ಮೀನಿಗೂ ಉಪವಾಸವಿರಲಿ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು ಹೋಗಬೇಡಿ.

ಔಷಧಿ ಹಾಕುವಾಗ ಗಾಳಿ ನಿಲ್ಲಿಸಬೇಡಿ. ಫಾರ್ಮಲಿನ್ ಇದ್ದದ್ದಾದರೆ ಗಾಳಿಯನ್ನು ಎರಡು ಪಟ್ಟು ಕೊಡಿ, ಅದು ನೀರಿನ ಆಮ್ಲಜನಕ ಇಳಿಸುತ್ತದೆ.

ಕರೆಂಟ್ ಹೋದಾಗ

ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಒಂದು ಕಂಬ ಬಿದ್ದರೆ ರಾತ್ರಿಯಿಡೀ ಕತ್ತಲು. ಮೊದಲು ಗ್ಯಾಸ್ ನಿಂತಿದೆಯೇ ನೋಡಿ. ಯೀಸ್ಟ್ ಬಾಟಲಿ ಇದ್ದರೆ ಪೈಪ್ ಹೊರಗೆ. ಬ್ಯಾಟರಿ ಏರ್ ಪಂಪ್ ಇದ್ದರೆ ಹಾಕಿ. ಇಲ್ಲದಿದ್ದರೆ ಚೊಂಬಿನಿಂದ ನೀರು ಎತ್ತಿ ಗೇಣುದ್ದ ಮೇಲಿಂದ ತೊಟ್ಟಿಗೇ ಸುರಿಯಿರಿ, ಅರ್ಧ ತಾಸಿಗೊಮ್ಮೆ ಐದು ನಿಮಿಷ. ಆಹಾರ ಹಾಕಬೇಡಿ. ಮುಚ್ಚಳ ತೆಗೆದಿಡಿ. ಇನ್ವರ್ಟರ್ ಇರುವವರು ಟಿವಿಗಿಂತ ಮೊದಲು ಏರ್ ಪಂಪಿಗೆ ಲೈನ್ ಕೊಡಿ. ಸಣ್ಣ ಏರ್ ಪಂಪ್ ಎಳೆಯುವುದು ನಾಲ್ಕೈದು ವ್ಯಾಟ್ ಅಷ್ಟೇ.

ಕರೆಂಟ್ ಬಂದ ಕೂಡಲೇ ಕ್ಯಾನಿಸ್ಟರ್ ಫಿಲ್ಟರ್ ಹಾಗೆಯೇ ಚಾಲೂ ಮಾಡಬೇಡಿ. ತಾಸುಗಟ್ಟಲೆ ನಿಂತಿದ್ದರೆ ಒಳಗಿನ ನೀರಿನಲ್ಲಿ ಆಮ್ಲಜನಕ ಮುಗಿದು ಕೊಳೆತಿರುತ್ತದೆ. ಮುಚ್ಚಳ ತೆಗೆದು ಮೂಸಿ ನೋಡಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರು ಚೆಲ್ಲಿ, ಸ್ಪಾಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಹಾಕಿ.

ಮೀನು ಮೇಲೆ ಬಂದಾಗ

ನೋಡಬೇಕಾದ್ದು ಮೊದಲು ಗಡಿಯಾರ. ಬೆಳಗ್ಗೆ ಲೈಟು ಹತ್ತುವ ಮೊದಲೇ ಮೀನೆಲ್ಲ ಮೇಲೆ ಬಂದು, ಬಾಲ ಕೆಳಗೆ ಇಳಿಬಿಟ್ಟು, ಬಾಯಿಯನ್ನು ನೀರಿನ ಅಂಚಿಗೆ ಒತ್ತಿ ಬೇಗ ಬೇಗ ತೆರೆದು ಮುಚ್ಚುತ್ತಿದ್ದರೆ, ಬಸವನಹುಳುಗಳು ಗಾಜಿನ ಅಂಚಿನವರೆಗೆ ಹತ್ತಿ ಕೂತಿದ್ದರೆ, ಅದು ಹೆಚ್ಚಾಗಿ ಆಮ್ಲಜನಕದ ಕೊರತೆ. ಮಧ್ಯಾಹ್ನ, ಗ್ಯಾಸ್ ಶುರುವಾಗಿ ಕೆಲವು ತಾಸಿನ ಮೇಲೆ, ಗಿಡ ಗುಳ್ಳೆ ಬಿಡುತ್ತಿರುವಾಗಲೇ ಮೀನು ಮಂಕಾಗಿ, ಓಲಾಡುತ್ತ, ತಟ್ಟಿದರೂ ಓಡದೆ ನಿಂತರೆ ಅದು ಗ್ಯಾಸ್ ಹೆಚ್ಚಾದದ್ದು. ಹಗಲು ರಾತ್ರಿ ಎನ್ನದೆ ಮೇಲೆ ಬರುತ್ತಿದ್ದು ಗಾಳಿ ಕೊಟ್ಟರೂ ಇಳಿಯದಿದ್ದರೆ ಕಾರಣ ಬೇರೆ: ಅಮೋನಿಯಾ, ನೈಟ್ರೈಟ್ ಅಥವಾ ಕಿವಿರಿನ ರೋಗ. ಅದಕ್ಕೆ ನೀರಿನ ಪರೀಕ್ಷೆ ಮಾಡಿಸಿ.

ಮೊದಲ ಎರಡಕ್ಕೂ ಕೈಮದ್ದು ಒಂದೇ. ಗ್ಯಾಸ್ ನಿಲ್ಲಿಸಿ, ಏರ್ ಸ್ಟೋನ್ ಪೂರ್ತಿ ಬಿಡಿ, ಮೂರನೇ ಒಂದು ಭಾಗ ನೀರು ತೆಗೆದು ಆಗಲೇ ಗಾಳಿಗೆ ಇಟ್ಟಿದ್ದ ನೀರು ತುಂಬಿ. ಇದಕ್ಕಾಗಿಯೇ ಒಂದು ಬಕೆಟ್ ನೀರು ಸದಾ ಸಿದ್ಧವಿರಲಿ. ಗಾಬರಿಯಲ್ಲಿ ಬೋರ್ ಪೈಪು ತಂದು ತೊಟ್ಟಿಗೆ ಹಾಕಿದರೆ ಮೇಲೆ ಹೇಳಿದ ಎರಡೂ ತೊಂದರೆ ಒಟ್ಟಿಗೆ ಬರುತ್ತವೆ.

ಕೃಷಿ ಹೊಂಡದವರಿಗೆ

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಕಡೆ ಪ್ಲಾಸ್ಟಿಕ್ ಹಾಸಿದ ಹೊಂಡಗಳಾದವು, ಕೆಲವರು ಅದರಲ್ಲಿ ಮೀನನ್ನೂ ಬಿಟ್ಟರು. ಅಲ್ಲಿ ಗಿಡದ ಜಾಗದಲ್ಲಿ ಇರುವುದು ಹಸಿರು ನೀರು, ಅಂದರೆ ಕಣ್ಣಿಗೆ ಕಾಣದ ಪಾಚಿ. ಹಗಲು ಅದು ಆಮ್ಲಜನಕ ತುಂಬುತ್ತದೆ, ರಾತ್ರಿ ತಾನೇ ಕುಡಿಯುತ್ತದೆ. ಆದ್ದರಿಂದ ಮೀನು ಸಾಯುವುದು ನಸುಕಿನಲ್ಲಿ, ಅದರಲ್ಲೂ ಎರಡು ಮೂರು ದಿನ ಮೋಡ ಕವಿದ ಮೇಲೆ. ಮೇಲ್ಪದರದ ಮೀನಾದ ಕಾಟ್ಲಾ ಬಾಯಿ ತೆರೆದು ತೇಲುವುದು ಮೊದಲ ಎಚ್ಚರಿಕೆ.

ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಮಸುಕಾಗಿ ಕಂಡರೆ ಹಸಿರು ಹದವಾಗಿದೆ. ಮುಂಗೈ ಮುಳುಗುವ ಮೊದಲೇ ಅಂಗೈ ಮಾಯವಾದರೆ ಪಾಚಿ ಅತಿಯಾಗಿದೆ. ಸೆಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ. ಮೋಡದ ದಿನ ಮೇವು ಹಾಕಬೇಡಿ. ಪಂಪ್‌ಸೆಟ್ ನೀರನ್ನು ಮೇಲಕ್ಕೆತ್ತಿ ಹೊಂಡಕ್ಕೇ ಚಿಮ್ಮಿಸಿ ಬೀಳಿಸಿ, ನಸುಕಿನ ಮೂರರಿಂದ ಬಿಸಿಲು ಬರುವವರೆಗೆ. ಕರೆಂಟ್ ಹಗಲಷ್ಟೇ ಬರುವ ಲೈನಾದರೆ ಡೀಸೆಲ್ ಪಂಪ್ ಗೊತ್ತು ಮಾಡಿಕೊಂಡಿರಿ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಗೆಂಡೆ ಜಾತಿಯ ಮೀನು ನೆಮ್ಮದಿಯಾಗಿ ಬೆಳೆಯುತ್ತವೆ. 3ಕ್ಕಿಂತ ಇಳಿದರೆ ಮೇವು ಮುಟ್ಟುವುದಿಲ್ಲ. ಔಷಧಿ ಹೊಡೆಯುವ ಕ್ಯಾನ್ ಹೊಂಡದಲ್ಲಿ ತೊಳೆಯಬೇಡಿ. ಹೆಚ್ಚಿನ ವಿಚಾರಕ್ಕೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ, ಹೋಗಿ ಕೇಳಿ.

ಕೊನೆಗೆ ತೊಟ್ಟಿಯವರಿಗೆ ಇನ್ನೊಂದು ಮಾತು. ತೊಟ್ಟಿ ಸಾಕಾಯಿತು ಎಂದು ಅದರ ಗಿಡ, ಮೀನುಗಳನ್ನು ಊರ ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ಗಾಜಿಗೆ ಅಂಟುವ ಸಕ್ಕರ್ ಮೀನು ಕೆರೆಯಲ್ಲಿ ಬೆಳೆದು ಬಲೆ ಹರಿಯುತ್ತದೆ. ಅಂತರಗಂಗೆ, ಸಾಲ್ವೀನಿಯಾ ನೀರಿನ ಮೇಲೆ ಚಾಪೆಯಂತೆ ಹರಡಿದರೆ ಇಡೀ ಕೆರೆಗೆ ಗಾಳಿ ತಪ್ಪುತ್ತದೆ. ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ. ಗಿಡವನ್ನು ಬಿಸಿಲಿಗೆ ಹರವಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಸಿ ತಿಪ್ಪೆಗೆ ಹಾಕಿ.